ಯಾರನ್ನು ಯಾರು ಎಬ್ಬಿಸಬೇಕು?

ಶಾಲೆಯಲ್ಲಿ ಕೆಲಸ ಮಾಡುವವರು ನಗಬೇಕೆಂದರೆ ನಾಟಕಕ್ಕೆ ಹೋಗಬೇಕಾಗಿಲ್ಲ, ಒಂದು ಸುತ್ತೋಲೆ ಬಂದರೆ ಸಾಕು. ಒಂದರ ಗೊಂದಲ ತೀರುವುದರೊಳಗೆ ಇನ್ನೊಂದು ಬಂದು ಬಾಗಿಲಲ್ಲಿ ನಿಂತಿರುತ್ತದೆ. ನಾನು ತಿಕೋಟಾ ತಾಲ್ಲೂಕಿನಲ್ಲಿ, ಕನಮಡಿ ಕಡೆಯ ಒಂದು ಸರಕಾರಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಮನೆ ವಿಜಯಪುರದಲ್ಲಿ, ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾ ತಲೆ ಹಣ್ಣಾಯಿತು. ಆದರೂ ಮಗು ಫೇಲಾದರೆ ಯಾರನ್ನು ಕೇಳಬೇಕು ಎಂಬುದು ನನಗೆ ಈವರೆಗೆ ತಿಳಿದಿಲ್ಲ. ನನಗೊಬ್ಬನಿಗೆ ತಿಳಿದಿಲ್ಲ ಅಷ್ಟೇ, ಉಳಿದವರಿಗೆಲ್ಲ ಗೊತ್ತು. ಅವರು ನನ್ನನ್ನೇ ಕೇಳುತ್ತಾರೆ.

ಹೊಣೆ ಇಳಿದು ಬಂದದ್ದು

ಒಂದು ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ನಮ್ಮ ಶಾಲೆಯನ್ನು ಕೆಳಗಿನಿಂದ ಹುಡುಕಿದರೆ ಬೇಗ ಸಿಗುತ್ತಿತ್ತು. ಜಿಲ್ಲೆಯ ಫಲಿತಾಂಶ ಏರಲೇಬೇಕು, ಏರದಿದ್ದರೆ ನೀವೇ ಹೊಣೆ ಎಂದು ಬೆಂಗಳೂರಿನವರು ಜಿಲ್ಲೆಯ ಸಾಹೇಬರಿಗೆ ಬರೆದರಂತೆ. ನೀವೇ ಹೊಣೆ ಎಂದು ಅವರು ತಾಲ್ಲೂಕಿನ ಸಾಹೇಬರಿಗೆ ಬರೆದರು. ಅವರು ಅದನ್ನೇ ನಮ್ಮ ಹೆಡ್ ಮಾಸ್ತರಿಗೆ ಬರೆದರು. ಹೆಡ್ ಮಾಸ್ತರು ಬರೆಯಲಿಲ್ಲ, ಆ ಕಾಗದವನ್ನೇ ತಂದು ನನ್ನ ಮುಂದೆ ಇಟ್ಟರು. ಹೊಣೆ ಎನ್ನುವುದು ನೀರಿನ ಹಾಗೆ, ತಗ್ಗಿದ್ದ ಕಡೆಗೇ ಹರಿಯುತ್ತದೆ. ಗಣಿತದ ಮಾಸ್ತರನಿಗಿಂತ ತಗ್ಗು ಜಾಗ ನಮ್ಮ ಶಾಲೆಯಲ್ಲಿ ಇಲ್ಲ.

“ನನ್ನ ಕೆಳಗ ಯಾರೂ ಇಲ್ಲೇನ್ರಿ ಸರ್?” ಎಂದು ಕೇಳಿದೆ.

“ಅದಾರಲ್ಲ, ಪಾಲಕರು! ಅವರಿಗೊಂದು ನೋಟಿಸ್ ಕೊಡ್ರಿ” ಎಂದರು.

ಹತ್ತನೇ ತರಗತಿಯಲ್ಲಿ ಗಣಿತ ಕಂಡರೆ ಅಳು ಬರುವಂಥ ಒಬ್ಬ ಹುಡುಗಿ ಇದ್ದಳು. ಅವಳ ಅಪ್ಪ ಅವ್ವ ಕುರಿ ಹೊಡೆದುಕೊಂಡು ಹೊಳೆ ದಂಡೆಯ ಕಡೆ ಹೋಗಿದ್ದರು. ಊರಲ್ಲಿ ಇದ್ದವಳು ಆಯಿ, ಅಂದರೆ ಅವಳ ಅಜ್ಜಿ. ನೋಟಿಸಿಗೆ ಅವಳೇ ಬಂದಳು. ಓದು ಬಾರದವಳಾದ್ದರಿಂದ ನಾನೇ ಓದಿ ಹೇಳಿದೆ: ‘ನಿಮ್ಮ ಮಗು ಗಣಿತದಲ್ಲಿ ಹಿಂದುಳಿಯಲು ಕಾರಣವೇನು, ಲಿಖಿತ ಉತ್ತರ ನೀಡತಕ್ಕದ್ದು.’

ಆಯಿ ಕೇಳಿದಳು: “ಗಣಿತ ಕಲಿಸಾವ ಯಾರಪಾ?”

“ನಾನರಿ.”

“ಕಲಿಯಾಕಿ?”

“ನಿಮ್ಮ ಮೊಮ್ಮಗಳು.”

“ಮತ್ತ ನಡುವ ನನಗ್ಯಾಕ ಕೇಳತಿ?”

ನಾನು ನೋಟಿಸನ್ನು ತಿರುಗಿಸಿ ಹಿಂಬದಿ ನೋಡಿದೆ. ಆಯಿಯೇ ಮುಂದುವರಿಸಿದಳು: “ಅವರಪ್ಪ ಹೇಳಿ ಹೋಗ್ಯಾನ, ಪಾಸಾದ್ರ ತಿಕೋಟಾದಾಗ ಕಾಲೇಜು, ಫೇಲಾದ್ರ ಕುರಿ ಹಿಂದ. ಹುಡುಗಿಗಿ ಓದಬೇಕಂತ ಭಾಳ ಆಸೆ ಐತಿ. ನಿಮ್ಮ ಕಾಗದ ನನಗ ತಿಳಿಯಂಗಿಲ್ಲ. ಅಕಿನ್ನ ಪಾಸ್ ಮಾಡಸ್ತೀನಿ ಅಂತ ನೀನ ಒಂದು ಕಾಗದ ಬರದ ಕೊಡು. ಕೆಳಗ ಸಹಿ ಹಾಕು.”

ನೋಟಿಸ್ ಕೊಡಲು ಕುಳಿತವನು ಯಾಕೆ ಬರೆದುಕೊಟ್ಟೆನೋ ಇವತ್ತಿಗೂ ಗೊತ್ತಿಲ್ಲ. ಬರೆದು ಸಹಿ ಹಾಕಿದೆ. ಆಯಿ ಅದನ್ನು ನಾಲ್ಕು ಮಡಿಕೆ ಮಾಡಿ, ಸೊಂಟದ ಚಂಚಿಯಲ್ಲಿ ಎಲೆ ಅಡಿಕೆಯ ಜೊತೆ ಇಟ್ಟುಕೊಂಡು ಹೋದಳು.

ಸಂಜೆ ಹೆಡ್ ಮಾಸ್ತರು ಕೇಳಿದರು: “ಪಾಲಕರ ಲಿಖಿತ ಉತ್ತರ ಬಂತೇನ್ರಿ?”

“ಬಂತ್ರಿ ಸರ್. ನಾನ ಕೊಟ್ಟೆ.”

ಐದು ಗಂಟೆಯ ಫೋನು

ಆಮೇಲೆ ಬಂದ ಸುತ್ತೋಲೆ: ಹಿಂದುಳಿದ ಮಕ್ಕಳನ್ನು ಶಿಕ್ಷಕರು ಬೆಳಗಿನ ಐದು ಗಂಟೆಗೆ ಫೋನ್ ಮಾಡಿ ಓದಲು ಎಬ್ಬಿಸಬೇಕು, ಎಬ್ಬಿಸಿದ ಕೂಡಲೇ ವಾಟ್ಸಾಪ್ ಗುಂಪಿನಲ್ಲಿ ತಿಳಿಸಬೇಕು. ಮಕ್ಕಳನ್ನು ಎಬ್ಬಿಸಬೇಕಾದರೆ ಮೊದಲು ಮಾಸ್ತರು ಏಳಬೇಕು ಎಂಬ ವಿಚಾರ ಸುತ್ತೋಲೆಯಲ್ಲಿ ಇರಲಿಲ್ಲ.

ನಾನು ಗಡಿಯಾರಕ್ಕೆ ಅಲಾರಾಂ ಇಟ್ಟು ಎದ್ದು ಫೋನ್ ಹಚ್ಚುತ್ತಿದ್ದೆ. ಒಂದೇ ರಿಂಗಿಗೆ ಆಯಿ ಎತ್ತುತ್ತಿದ್ದಳು.

“ಹುಡುಗಿನ್ನ ಎಬ್ಬಸ್ರಿ ಆಯಿ.”

“ಎದ್ದಾಳಪಾ.”

ನಾನು ಗುಂಪಿನಲ್ಲಿ ‘ಎದ್ದಿದ್ದಾಳೆ’ ಎಂದು ಹಾಕಿ ಮತ್ತೆ ಹೊದ್ದು ಮಲಗುತ್ತಿದ್ದೆ. ಇಷ್ಟು ಶಿಸ್ತಿನ ಮಗು ಇನ್ನೊಂದಿಲ್ಲ ಎಂದು ನನಗೆ ಹೆಮ್ಮೆ. ಆದರೆ ತರಗತಿಯಲ್ಲಿ ನೋಡಿದರೆ ಅವಳು ಮೊದಲ ಪಿರಿಯಡ್ಡಿಗೇ ತೂಕಡಿಸುತ್ತಿದ್ದಳು. ಒಂದು ದಿನ ಕರೆದು ಕೇಳಿದೆ.

“ಆಯಿ ನನ್ನ ನಾಕಕ್ಕ ಎಬ್ಬಸ್ತಾಳ್ರಿ ಸರ್. ಐದಕ್ಕ ಮಾಸ್ತರ ಎಬ್ಬಸಾಕ ಫೋನ್ ಮಾಡ್ತಾನ, ಅಷ್ಟರಾಗ ಎದ್ದು ಕುಂದರು ಅಂತಾಳ್ರಿ.”

“ಮತ್ತ ನಾಕರಿಂದ ಐದರ ತನಕ ಏನ ಓದ್ತಿ?”

“ಓದಂಗಿಲ್ರಿ. ಇಬ್ರೂ ನಿಮ್ಮ ಫೋನಿನ ದಾರಿ ನೋಡಕೋತ ಕುಂದರ್ತೀವ್ರಿ.”

ನಿನ್ನೆ ಏನು ಕಲಿಸಿದಿ?

ಚಳಿಗಾಲದ ಒಂದು ದಿನ ನನಗೆ ಎಚ್ಚರವಾಗಲಿಲ್ಲ. ಐದೂ ಐದಕ್ಕೆ ಫೋನು ಹೊಡೆದುಕೊಂಡಿತು. ಆಯಿ.

“ಯಾಕ ಮಾಸ್ತರ, ಆರಾಮ ಇಲ್ಲೇನು? ಇನ್ನೂ ಮಲಗೀಯೇನು?”

“ಇಲ್ರಿ ಆಯಿ, ಎದ್ದೀನ್ರಿ” ಎಂದು ಹೊದಿಕೆಯೊಳಗಿಂದಲೇ ಸುಳ್ಳು ಹೇಳಿದೆ. ಆ ಅವಸರದಲ್ಲಿ ಗುಂಪಿನಲ್ಲಿ ‘ಎದ್ದಿದ್ದೇನೆ’ ಎಂದು ಹಾಕಿಬಿಟ್ಟೆ. ಎಲ್ಲ ಶಿಕ್ಷಕರೂ ಅದಕ್ಕೆ ಹೆಬ್ಬೆರಳು ಒತ್ತಿದರು. ತಪ್ಪು ತೋರಿಸುವವರು ಯಾರೂ ಇರಲಿಲ್ಲ, ಎಲ್ಲರೂ ಅರ್ಧ ನಿದ್ದೆಯಲ್ಲಿದ್ದರು.

ಅಂದಿನಿಂದ ಫೋನು ಅತ್ತ ಕಡೆಯಿಂದಲೇ ಬರತೊಡಗಿತು. ಎಬ್ಬಿಸುವುದರ ಜೊತೆಗೆ ವಿಚಾರಣೆಯೂ ಶುರುವಾಯಿತು.

“ನಿನ್ನಿ ಏನ ಕಲಿಸಿದಿ?”

“ವರ್ಗ ಸಮೀಕರಣರಿ.”

“ಅಕಿಗಿ ತಿಳಿದಿಲ್ಲಂತ. ಇವತ್ತ ಮತ್ತ ಅದನ್ನ ಕಲಸು.”

ನನ್ನ ಪಾಠ ನೋಡಲು ಎಷ್ಟೋ ಸಾಹೇಬರು ಬಂದಿದ್ದಾರೆ. ಹಾಜರಿ ನೋಡಿದ್ದಾರೆ, ಪಾಠಯೋಜನೆ ನೋಡಿದ್ದಾರೆ, ಸಹಿ ಮಾಡಿ ಚಹಾ ಕುಡಿದು ಹೋಗಿದ್ದಾರೆ. ಮಗುವಿಗೆ ತಿಳಿಯಿತೋ ಇಲ್ಲವೋ ಎಂದು ನನ್ನನ್ನು ಕೇಳಿದವಳು ಆಯಿ ಒಬ್ಬಳೇ. ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು. ಹೋಗಿ ಮತ್ತೆ ಕಲಿಸಿದೆ. ಎರಡನೇ ಸಲ ಕಲಿಸುವಾಗ ಆ ಪಾಠ ನನಗೂ ತಿಳಿಯಿತು.

ಮಾದರಿ ಶಾಲೆ

ಅಷ್ಟರಲ್ಲಿ ಇನ್ನೊಂದು ಆದೇಶ. ಫಲಿತಾಂಶದಲ್ಲಿ ಹಿಂದೆ ಬಿದ್ದ ಶಾಲೆಯವರು ಮಾದರಿ ಶಾಲೆಗೆ ಹೋಗಿ ನೋಡಿ ಕಲಿಯಬೇಕು. ನಮಗೆ ಬಂದದ್ದು ಬಬಲೇಶ್ವರ ತಾಲ್ಲೂಕಿನಲ್ಲಿ, ನಿಡೋಣಿ ಕಡೆಯ ಒಂದು ಶಾಲೆ. ಹೆಡ್ ಮಾಸ್ತರು ಮತ್ತು ನಾವೆಲ್ಲ ಶಿಕ್ಷಕರು ವಿಜಯಪುರಕ್ಕೆ ಬಂದು, ಬಸ್ ಬದಲಾಯಿಸಿ, ಬಬಲೇಶ್ವರ ದಾಟಿ ಹೋಗಿ ಇಳಿದೆವು. ಶಾಲೆಯಲ್ಲಿ ಮಕ್ಕಳು ಗಪ್ಪಾಗಿ ಕುಳಿತಿದ್ದರು. ದೊಡ್ಡವರೆಂದರೆ ಒಬ್ಬ ಜವಾನ ಮಾತ್ರ.

“ಮಾಸ್ತರೆಲ್ಲ ಎಲ್ಲಿ?”

“ಮಾದರಿ ಸಾಲಿ ನೋಡಾಕ ಹೋಗ್ಯಾರ್ರಿ, ತಿಕೋಟಾ ಕಡೆ” ಎಂದು ಅವನು ನಮ್ಮ ಶಾಲೆಯ ಹೆಸರನ್ನೇ ಹೇಳಿದ.

ಹೆಡ್ ಮಾಸ್ತರು ಗಾಬರಿಯಿಂದ ಆ ಶಾಲೆಯ ಹೆಡ್ ಮಾಸ್ತರಿಗೆ ಫೋನ್ ಹಚ್ಚಿದರು. ಅವರು ನಮ್ಮ ಶಾಲೆಯಲ್ಲಿ ಇವರದೇ ಕುರ್ಚಿಯಲ್ಲಿ ಕುಳಿತಿದ್ದರು.

“ನಮ್ಮ ಸಾಲ್ಯಾಗ ನೋಡೂದು ಏನೈತ್ರಿ ಸರ್?”

“ಅದನ್ನ ನಾವೂ ಹುಡುಕಾಕತ್ತೀವ್ರಿ.”

ಯಾರು ಮಾದರಿ, ಯಾರು ಬಿದ್ದವರು ಎಂಬುದು ಕೊನೆಗೂ ಬಗೆಹರಿಯಲಿಲ್ಲ. ಆದೇಶದಲ್ಲಿ ಫೋಟೋ ಕೇಳಿದ್ದರು, ಜವಾನನನ್ನು ನಡುವೆ ನಿಲ್ಲಿಸಿ ತೆಗೆಸಿಕೊಂಡು ಬಂದೆವು.

ಮರುದಿನ ಐದಕ್ಕೆ ಆಯಿಯ ಫೋನು. “ಮಾಸ್ತರ, ನಿನ್ನಿ ಯಾರೋ ಹೊಸಾ ಮಾಸ್ತರ ಬಂದು ಗಣಿತ ಕಲಿಸ್ಯಾನಂತ. ಹುಡುಗಿಗಿ ಭಾಳ ಚಲೋ ತಿಳದೈತಿ.”

“ಹೌದೇನ್ರಿ ಆಯಿ? ಸಂತೋಷರಿ.”

“ನೀ ಇವತ್ತೂ ಎಲ್ಲೆರೆ ಹೋಗಿ ಬಾ.”

ಮೂರು ಅಂಕ

ಫಲಿತಾಂಶದ ದಿನ ನನ್ನ ಮೊಬೈಲಿನಲ್ಲಿ ಅವಳ ಪರೀಕ್ಷೆಯ ನಂಬರನ್ನು ಎರಡೆರಡು ಸಲ ನೋಡಿ ಹಾಕಿದೆ. ನನ್ನ ಸ್ವಂತ ಪರೀಕ್ಷೆಗೂ ನಾನು ಇಷ್ಟು ಹೆದರಿದವನಲ್ಲ. ಹುಡುಗಿ ಪಾಸಾಗಿದ್ದಳು. ಗಣಿತದಲ್ಲಿ ಬೇಕಾದದ್ದಕ್ಕಿಂತ ಮೂರು ಅಂಕ ಹೆಚ್ಚೇ ಬಿದ್ದಿತ್ತು. ಕಣ್ಣು ತುಂಬಿಕೊಂಡೇ ಆಯಿಗೆ ಫೋನ್ ಮಾಡಿದೆ.

ಆ ಕಡೆ ಮೂಗು ಸೀಟಿದ ಸಪ್ಪಳ ಕೇಳಿತು. ಆಮೇಲೆ ಆಯಿ ಕೇಳಿದಳು:

“ಹೆಚ್ಚಾಗಿದ್ದು ಮೂರು ಯಾರಿಗೆರೆ ಕೊಡಾಕ ಬರತೈತೇನು? ಬಾಜೂ ಮನಿ ಹುಡುಗಿಗಿ ಎರಡು ಕಡಿಮಿ ಬಿದ್ದಾವ.”

ಹೆಚ್ಚಾದದ್ದಕ್ಕೆ ಕಾರಣ

ಆ ವರ್ಷ ನಮ್ಮ ಶಾಲೆ ಪಟ್ಟಿಯಲ್ಲಿ ಮೇಲೆ ಬಂತು. ಇನ್ನು ನೋಟಿಸ್ ಇಲ್ಲ ಎಂದುಕೊಂಡು ಪೇಢೆ ಹಂಚಿದೆವು. ಎಂಟು ದಿನಕ್ಕೆ ನೋಟಿಸ್ ಬಂತು: ‘ನಿಮ್ಮ ಶಾಲೆಯ ಫಲಿತಾಂಶ ಕಳೆದ ಸಾಲಿಗಿಂತ ಹೆಚ್ಚಾಗಲು ಕಾರಣವೇನು, ಮೂರು ದಿನದೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು.’

ಇದು ಬೈಗುಳವೋ ಹೊಗಳಿಕೆಯೋ ಹೆಡ್ ಮಾಸ್ತರಿಗೂ ತಿಳಿಯಲಿಲ್ಲ. ನಾನು ಇದ್ದದ್ದನ್ನೇ ಬರೆದೆ: ‘ಕಾರಣ: ವಿದ್ಯಾರ್ಥಿನಿಯ ಅಜ್ಜಿ.’

ಕಚೇರಿಯಿಂದ ಗುಮಾಸ್ತರ ಫೋನು ಬಂತು. “ಮಾಸ್ತರ, ನಮೂನೆದಾಗ ವಿಶೇಷ ತರಗತಿ, ಗುಂಪು ಅಧ್ಯಯನ, ಇತರೆ ಅಂತ ಮೂರ ಅದಾವ. ಅಜ್ಜಿನ್ನ ಎಲ್ಲಿ ಹಾಕ್ಲಿ?”

“ಇತರೆದಾಗ ಹಾಕ್ರಿ.”

“ಇತರೆ ಅಂದ್ರ ದಾಖಲೆ ಲಗತ್ತಿಸಬೇಕರಿ.”

ಸರಿ, ವಿಜಯಪುರದಲ್ಲಿ ಪರಿಶೀಲನಾ ಸಭೆ ನಡೆದ ದಿನ ದಾಖಲೆಯನ್ನು ಬಸ್ಸಿನಲ್ಲಿ ಕೂಡಿಸಿಕೊಂಡು ಹೋದೆ. ತುಂಬಿದ ಸಭೆಯಲ್ಲಿ ಜಿಲ್ಲೆಯ ಸಾಹೇಬರು ನಗುನಗುತ್ತಾ ಆಯಿಯನ್ನು ಮುಂದೆ ಕರೆದರು.

“ಏನ ಮಾಡಿದ್ರಿ ಅಜ್ಜಿ, ಎಲ್ಲಾರಿಗೂ ಹೇಳ್ರಿ.”

“ನಾ ಏನೂ ಮಾಡಿಲ್ರಿ ಯಪ್ಪಾ. ದಿನಾ ಮುಂಜಾನಿ ಮಾಸ್ತರನ್ನ ಎಬ್ಬಸಿದೆ, ಅಷ್ಟ.”

ಸಭೆ ಗೊಳ್ಳೆಂದು ನಕ್ಕಿತು. ನಾನು ತಲೆ ತಗ್ಗಿಸಿದೆ. ಆಯಿ ನಗಲಿಲ್ಲ, ಸಾಹೇಬರನ್ನೇ ನೋಡುತ್ತಾ ನಿಂತಳು.

“ನಿಮ್ಮನ್ನ ಯಾರ ಎಬ್ಬಸ್ತಾರ್ರಿ ಸಾಹೇಬ್ರ?”

ನಗು ನಿಂತಿತು. ಸಾಹೇಬರು ತಾಲ್ಲೂಕಿನ ಸಾಹೇಬರ ಮುಖ ನೋಡಿದರು. ಅವರು ಹೆಡ್ ಮಾಸ್ತರ ಮುಖ ನೋಡಿದರು. ಹೆಡ್ ಮಾಸ್ತರು ನನ್ನನ್ನು ನೋಡಿದರು. ಆಯಿ ಅಷ್ಟರಲ್ಲಿ ಚಂಚಿ ಬಿಚ್ಚಿ, ಅಡಿಕೆ ಪುಡಿ ಅಂಟಿದ ನನ್ನ ಆ ಕಾಗದ ತೆಗೆದು ಸಾಹೇಬರ ಟೇಬಲ್ಲಿನ ಮೇಲೆ ಇಟ್ಟಳು.

“ಇದು ಮುಗೀತರಿ. ಮಾಸ್ತರ ಮಾತ ಉಳಿಸ್ಯಾನ, ಹುಡುಗಿ ಕಾಲೇಜಿಗಿ ಹೊಂಟಾಳ. ಈ ವರ್ಷ ಅಕಿ ತಂಗಿ ಹತ್ತನೇ ಕ್ಲಾಸ. ಬಾಜೂ ಮನಿ ಹುಡುಗಿ ಮತ್ತ ಪರೀಕ್ಷಾಕ್ಕ ಕುಂದರ್ತಾಳ. ಹೊಸಾದು ಬರದ ಕೊಡ್ರಿ. ಈ ಸಲ ನೀವ ಬರೀರಿ, ನೀವು ದೊಡ್ಡಾವ್ರು.”

ಇಷ್ಟು ಜನರ ಎದುರು ಒಲ್ಲೆ ಎನ್ನುವುದು ಹೇಗೆಂದು ಸಾಹೇಬರಿಗೆ ತೋಚಲಿಲ್ಲ. ಪೆನ್ನು ತೆಗೆದು ಬರೆದರು, ಸಹಿ ಹಾಕಿದರು. ಕೆಳಗೆ ಫೋನ್ ನಂಬರನ್ನೂ ಬರೆಸಿಕೊಂಡು ಆಯಿ ಕಾಗದವನ್ನು ಚಂಚಿಗೆ ಸೇರಿಸಿದಳು.

ಪರೀಕ್ಷೆ ಮುಗಿದರೂ ನಿಲ್ಲದಿದ್ದ ಆಯಿಯ ಫೋನು ಮರುದಿನ ನನಗೆ ಬರಲಿಲ್ಲ. ಬಿಡುಗಡೆಯಾಯಿತು ಎಂದುಕೊಂಡೆ. ಯಾಕೋ ಬೇಸರವೂ ಆಯಿತು. ಐದೂ ಏಳಕ್ಕೆ ಮೊಬೈಲು ಟಣ್ ಎಂದಿತು. ಜಿಲ್ಲೆಯ ಎಲ್ಲ ಹೆಡ್ ಮಾಸ್ತರು, ಎಲ್ಲ ಗಣಿತ ಶಿಕ್ಷಕರು ಇರುವ ಗುಂಪಿನಲ್ಲಿ ಸಾಹೇಬರ ಒಂದೇ ಒಂದು ಶಬ್ದ ಬಂದು ಕುಳಿತಿತ್ತು:

‘ಎದ್ದಿದ್ದೇನೆ.’