ನನ್ನ ಕಾಲು, ಅಕ್ಕನ ಹರಕೆ

ಬಸ್ಸಿನಲ್ಲಿ ಹೋಗಿ ಬಂದವರ ಹತ್ತಿರ ಹೇಳಿಕೊಳ್ಳಲು ಏನೂ ಇರುವುದಿಲ್ಲ. ಹತ್ತಿದರು, ಕೂತರು, ಇಳಿದರು, ಅಷ್ಟೆ. ನಡೆದು ಹೋಗಿ ನೋಡಿ, ಮೈಲಿಗೊಂದು ಪ್ರಸಂಗ ತಾನಾಗಿಯೇ ಬಂದು ಕಾಲಿಗೆ ತೊಡರಿಕೊಳ್ಳುತ್ತದೆ. ಅದರಲ್ಲೂ ಭಕ್ತಿಗೆಂದು ಹೊರಟ ನಲವತ್ತು ಜನ ಒಟ್ಟಿಗಿದ್ದರಂತೂ ಕೇಳುವುದೇ ಬೇಡ.

ನಾನು ಬಂಗಾರಪೇಟೆಯಲ್ಲಿ ಬಟ್ಟೆ ಹೊಲಿಯುವವಳು. ಹುಟ್ಟಿದ್ದು ಪಕ್ಕದ ಹಳ್ಳಿಯಲ್ಲಿ, ನಮ್ಮೂರ ಮಾರಮ್ಮನ ಗುಡಿ ಸುತ್ತಿದ್ದು ಬಿಟ್ಟರೆ ಕಾಲ್ನಡಿಗೆಯ ಭಕ್ತಿ ನನಗೆ ಗೊತ್ತಿರಲಿಲ್ಲ. ಅಂಥವಳು ಹೋದ ವರ್ಷ ಕೆ.ಜಿ.ಎಫ್.ನಿಂದ ವೇಲಾಂಕಣ್ಣಿ ಮಾತೆಯ ಸನ್ನಿಧಿಗೆ, ಅಂದರೆ ತಮಿಳುನಾಡಿನ ಸಮುದ್ರದ ದಡದವರೆಗೆ, ಹದಿಮೂರು ದಿನ ನಡೆದೆ. ಯಾಕೆ ನಡೆದೆ ಅನ್ನುವುದೇ ಮೊದಲ ಪ್ರಸಂಗ.

೧. ಆಸ್ಪತ್ರೆಯ ಬೆಂಚು

ನಮ್ಮ ಯಜಮಾನರು ನ್ಯುಮೋನಿಯಾ ಆಗಿ ಆಸ್ಪತ್ರೆಯಲ್ಲಿ ಮಲಗಿದ್ದರು. ಡಾಕ್ಟರು "ನೋಡೋಣ" ಅನ್ನುವುದು ಬಿಟ್ಟು ಬೇರೆ ಮಾತೇ ಆಡುತ್ತಿರಲಿಲ್ಲ. ಹೊರಗೆ ಬೆಂಚಿನ ಮೇಲೆ ನನ್ನ ಜೊತೆ ಕೂತಿದ್ದವರು ಕೆ.ಜಿ.ಎಫ್.ನ ಚಾಂಪಿಯನ್ ರೀಫ್ಸ್‌ನ ಅಕ್ಕ. ಒಡಹುಟ್ಟಿದವರೇನಲ್ಲ, ಇಪ್ಪತ್ತು ವರ್ಷದಿಂದ ನನ್ನ ಹತ್ತಿರವೇ ರವಿಕೆ ಹೊಲಿಸುವವರು. ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ ಹುಟ್ಟಿ, ಅಲ್ಲೇ ಮದುವೆಯಾಗಿ, ಅಲ್ಲೇ ಮೊಮ್ಮಕ್ಕಳನ್ನು ಕಂಡವರು. ಒಂದು ವಾಕ್ಯದಲ್ಲಿ ಮೂರು ಭಾಷೆ ಬೆರೆಸಿ ಮಾತಾಡುತ್ತಾರೆ, ಮಾತೆಯ ಹತ್ತಿರ ಮಾತ್ರ ಅಪ್ಪಟ ತಮಿಳು.

ಐದನೇ ದಿನ ಯಜಮಾನರು ಕಣ್ಣು ಬಿಟ್ಟು, "ಇಡ್ಲಿ ಐತಾ?" ಅಂದರು. ನಾನು ಸೆರಗು ಬಾಯಿಗಿಟ್ಟುಕೊಂಡು ಅತ್ತೆ. ಅಕ್ಕ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡರು.

"ಮಾತಾ ಕೇಳಿಸ್ಕಂಡ್ಬುಟ್ಳು ತಂಗಚ್ಚಿ. ಇವ್ರು ಉಷಾರಾಗಿ ಮನೆಗ್ ಬಂದ್ರೆ ವೇಲಾಂಕಣ್ಣಿಗೆ ಒಂದಡಿನೂ ಗಾಡಿ ಅತ್ದೇ ನಡ್ಕಂಡ್ ಬತ್ತಾಳೆ ಅಂತ ಅರಕೆ ಓತ್ಕಂಡಿದ್ದೆ."

"ಯಾರಕ್ಕಾ ಬರೋದು?"

"ನೀನೇ."

ನನಗೆ ಅಳು ನಿಂತುಹೋಯಿತು. "ಅಲ್ಲಕ್ಕಾ, ಅರಕೆ ಓತ್ಕಂಡೋರು ನೀವು. ನೀವಲ್ವಾ ನಡೀಬೇಕು?"

"ನಂಗೆ ಮಂಡಿನೋವಲ್ವಾ ತಂಗಚ್ಚಿ! ನಡೆಯಕ್ಕಾಗಲ್ಲ ಅಂತ ಗೊತ್ತಿದ್ದೂ ನಾನು ನಡೀತೀನಿ ಅಂದ್ರೆ ಮಾತಾಗೇ ಸುಳ್ಳೇಳ್ದಂಗೆ ಆಗಲ್ವಾ?"

೨. ಮೊದಲ ದಿನದ ಯಾತ್ರೆ

ಬೇಕಾದರೆ ನಗಿ, ಆದರೆ ಒಂದು ಮಾತು ಹೇಳಿಬಿಡುತ್ತೇನೆ. ನನಗೆ ನಂಬಿಕೆ ಎಷ್ಟಿತ್ತೋ ಗೊತ್ತಿಲ್ಲ, ಹೆದರಿಕೆ ಮಾತ್ರ ಮೈತುಂಬ ಇತ್ತು. ಹರಕೆ ಯಾರೇ ಹೊತ್ತಿರಲಿ, ಮನುಷ್ಯ ಎದ್ದು ಬಂದಿದ್ದಾನೆ. ನಾನು ಒಂದು ಫರ್ಲಾಂಗು ಗಾಡಿಯಲ್ಲಿ ಕೂತು, ಆಮೇಲೆ ಆತನಿಗೆ ಒಂದು ಕೆಮ್ಮು ಬಂದರೂ ನಾನು ಬದುಕಿರುವುದು ಹೇಗೆ? ಅದಕ್ಕೇ ಹೊರಟೆ, ಅದಕ್ಕೇ ಒಂದಡಿಯೂ ಗಾಡಿ ಹತ್ತಬಾರದು ಅಂತ ಹಟ ಹಿಡಿದೆ.

ನಮ್ಮ ಯಜಮಾನರದು ಒಂದು ಮಿನಿ ಟೆಂಪೊ ಇದೆ. ತಂಡದ ಪಾತ್ರೆ, ಚಾಪೆ, ಬ್ಯಾಗುಗಳನ್ನೆಲ್ಲ ಅದರಲ್ಲೇ ಒಯ್ಯುವುದೆಂದಾಯಿತು. ಅಡುಗೆಯ ಉಸ್ತುವಾರಿಗೆ ಅಕ್ಕ ಅದರ ಮುಂದಿನ ಸೀಟಿನಲ್ಲಿ ಕೂತರು. ಹೀಗೆ ಹರಕೆ ಹೊತ್ತವರೂ ಟೆಂಪೊದಲ್ಲಿ, ಹರಕೆಯಿಂದ ಬದುಕಿದವರೂ ಟೆಂಪೊದಲ್ಲಿ. ನಾನು ಕಾವಿ ಸೀರೆ ಉಟ್ಟು, ಬರಿಗಾಲಲ್ಲಿ ರಸ್ತೆಯಲ್ಲಿ.

ತಂಡದ ಮುಖ್ಯಸ್ಥರು ಅಲ್ಲೇ ಪಕ್ಕದ ಊರಿಗಾಂನ ಒಬ್ಬ ಹಿರಿಯರು, ಎಲ್ಲರೂ ಲೀಡರಣ್ಣ ಅನ್ನುವುದು. ಬೆಳಿಗ್ಗೆ ಆರಕ್ಕೆ ಚಾಂಪಿಯನ್ ರೀಫ್ಸ್ ಚರ್ಚಿನ ಮುಂದೆ ಪ್ರಾರ್ಥನೆ ಮುಗಿಸಿ, ಮಾತೆಯ ವಿಗ್ರಹವಿಟ್ಟ ತಳ್ಳುಗಾಡಿಯನ್ನು ಮುಂದೆ ಬಿಟ್ಟುಕೊಂಡು ಹೊರಟೆವು. ಮೊದಲ ತಿರುವಿನಲ್ಲೇ ಒಬ್ಬ ಮಾಜಿ ಕೌನ್ಸಿಲರು ಹಾರ ಹಿಡಿದು ನಿಂತಿದ್ದರು. ಆ ಹಾರ ಹಾಕಿಸಿಕೊಂಡರೆ ಹಾಲಿ ಕೌನ್ಸಿಲರಿಗೆ ಬೇಜಾರು, ಅವರ ಮನೆ ಇನ್ನೊಂದು ದಿಕ್ಕಿಗೆ. ಅಲ್ಲಿಗೆ ಹೋದರೆ ಮುಂದಿನ ಸಲ ನಿಲ್ಲಬೇಕೆಂದಿರುವವರು ಊರಿಗಾಂನಲ್ಲಿ ಫ್ಲೆಕ್ಸ್ ಕಟ್ಟಿ ಕಾಯುತ್ತಿದ್ದಾರೆ. ಫ್ಲೆಕ್ಸಿನಲ್ಲಿ ಮಾತೆಯ ಚಿತ್ರ ಮೂಲೆಯಲ್ಲಿ, ಅವರ ಚಿತ್ರ ನಡುವೆ. ಪ್ರತಿ ಮನೆಯ ಮುಂದೆ ಒಂದು ಭಾಷಣ, ಒಂದು ಫೋಟೊ, ಒಂದು ಲೋಟ ಮಜ್ಜಿಗೆ.

ಬಿಸಿಲೇರಿತು. ಗಣಿಯ ಬಿಳೀ ಸಯನೈಡ್ ಮಣ್ಣಿನ ದಿಬ್ಬ ಒಮ್ಮೆ ಎಡಕ್ಕೆ ಬರುತ್ತದೆ, ಒಮ್ಮೆ ಬಲಕ್ಕೆ ಬರುತ್ತದೆ, ನಮ್ಮನ್ನು ಬಿಟ್ಟು ಮಾತ್ರ ಹೋಗುವುದಿಲ್ಲ. ಸಂಜೆ ಐದಕ್ಕೆ ಒಂದು ಶಾಲೆಯ ಅಂಗಳದಲ್ಲಿ ಬಿಡಾರ ಹೂಡಿದೆವು. ಪಾದ ಎರಡೂ ಬಜ್ಜಿಯಾಗಿದ್ದವು. "ಅಣ್ಣಾ, ಎಷ್ಟು ದೂರ ಬಂದಿದೀವಿ?" ಅಂತ ಲೀಡರಣ್ಣನನ್ನು ಕೇಳಿದೆ. "ಇಪ್ಪತ್ತು ಕಿಲೋಮೀಟ್ರು ಆಗದಮ್ಮಾ," ಅಂದರು ಹೆಮ್ಮೆಯಿಂದ.

ಅಷ್ಟರಲ್ಲಿ ಅಕ್ಕ ಟೆಂಪೊ ಇಳಿದು, ಕಾಂಪೌಂಡ್ ಗೋಡೆಯ ಆಚೆಗೆ ಕತ್ತು ಚಾಚಿ ತಮ್ಮ ಸೊಸೆಯನ್ನು ಕೂಗಿದರು: "ಏಯ್ ಮರುಮಗಳೇ, ಒಣಗಾಕಿರೋ ಬಟ್ಟೆ ಒಳಗ್ ತಗಳೇ!"

೩. ಸೊಂಟದ ಅಳತೆ

ಈ ತಂಡದವರಿಗೆ ಕಾವಿ ಬಟ್ಟೆ ಹೊಲಿದುಕೊಡುವವಳು ನಾನೇ. ಅಳತೆ ಕೊಡುವಾಗ ಲೀಡರಣ್ಣ ಪ್ರತಿ ವರ್ಷವೂ, "ಒಳಗೆ ಎರಡಿಂಚು ಬಟ್ಟೆ ಬಿಡಮ್ಮಾ," ಅನ್ನುತ್ತಿದ್ದರು. ಉಪವಾಸವಿದ್ದು, ನಡೆದು ನಡೆದು ಸೊರಗಿ ಬರುವವರಿಗೆ ಎರಡಿಂಚು ಯಾಕಪ್ಪಾ ಅಂದುಕೊಳ್ಳುತ್ತಿದ್ದೆ. ಉತ್ತರ ಸಿಕ್ಕಿದ್ದು ಐದನೇ ದಿನ.

ದಾರಿಯುದ್ದಕ್ಕೂ ಜನ ನಿಂತಿರುತ್ತಾರೆ. ಯಾರೋ ಹಿಂದೂಗಳು, ಯಾರೋ ಮುಸಲ್ಮಾನರು, ನಮ್ಮ ಮುಖ ಕಂಡವರೇ ಅಲ್ಲ. ಯಾತ್ರಿಕರಿಗೆ ಬಡಿಸಿದರೆ ಪುಣ್ಯ ಅಂತ ಪಾತ್ರೆ ಇಟ್ಟುಕೊಂಡು ಕಾಯುತ್ತಾರೆ. ಅವರ ಮುಖ ನೋಡಿದರೆ ನನಗೆ ನಿಜವಾಗಿಯೂ ಕಣ್ಣು ತುಂಬಿ ಬರುತ್ತಿತ್ತು. ಆದರೆ ಏಳಕ್ಕೆ ಪೊಂಗಲ್, ಎಂಟೂವರೆಗೆ ಇಡ್ಲಿ, ಹತ್ತಕ್ಕೆ ಪುಳಿಯೋಗರೆ, ಹನ್ನೊಂದಕ್ಕೆ ಇನ್ನೊಂದು ಊರಿನ ಪೊಂಗಲ್. ಬೇಡ ಅಂದರೆ ಅವರು ನೊಂದುಕೊಳ್ಳುತ್ತಾರೆ. ಅವರು ನೊಂದುಕೊಂಡರೆ ನಮ್ಮ ನಡಿಗೆಗೇನು ಬೆಲೆ ಅಂತ ಲೀಡರಣ್ಣನ ವಾದ. ಈ ವಾದವನ್ನು ಅವರು ಬಾಯಲ್ಲಿ ತುತ್ತಿಟ್ಟುಕೊಂಡೇ ಮಂಡಿಸುತ್ತಿದ್ದರು.

ಐದನೇ ದಿನ ಬೆಳಿಗ್ಗೆ ಮೂರು ಜನರ ಪ್ಯಾಂಟಿನ ಕೊಕ್ಕೆ ಹಾರಿತು. ನಾನು ಹುಣಸೇಮರದ ಕೆಳಗೆ ಸೂಜಿದಾರ ಹಿಡಿದು ಕೂತೆ. ಎದುರಿಗೆ ಸಾಲು. ಪಾಪ ಕಳೆಯಲು ಹೊರಟವರು ಒಬ್ಬೊಬ್ಬರಾಗಿ ಬಂದು ಸೊಂಟ ಬಿಚ್ಚಿಸಿಕೊಂಡು ಹೋದರು. ದಾರಿಯಲ್ಲಿ ಹೋಗುತ್ತಿದ್ದ ಮುದುಕಿಯೊಬ್ಬಳು ನಿಂತು, "ಏಮಮ್ಮಾ ಇದು?" ಅಂತ ತೆಲುಗು ಬೆರೆಸಿ ಕೇಳಿದಳು. "ಉಪವಾಸದ ಯಾತ್ರೆ ಅಜ್ಜಿ, ಐದನೇ ದಿನ," ಅಂದೆ.

೪. ಸ್ಟೇಟಸ್

ನಮ್ಮಲ್ಲಿ ಒಬ್ಬರು ಸೈಟು ಮಾರುವ ದಲ್ಲಾಳಿ. ಐವತ್ತು ದಾಟಿದವರು, ಒಳ್ಳೇ ಮಾತುಗಾರರು. ದಿನಾ ಸಂಜೆ ಫೋನಿನಲ್ಲಿ ಆ ದಿನದ ಹೆಜ್ಜೆಗಳ ಸಂಖ್ಯೆ ತೆಗೆದು ಸ್ಟೇಟಸ್ ಹಾಕುವುದು, ನೆಂಟರಿಷ್ಟರೆಲ್ಲ ಕೈಮುಗಿಯುವ ಚಿತ್ರ ಕಳಿಸುವುದು. ಬೆಳಿಗ್ಗೆ ಮಾತ್ರ ನನ್ನ ಹತ್ತಿರ ಬಂದು, "ಅಕ್ಕಾ, ನನ್ನ ಜೇಬು ಅರಿದೋಗದೆ, ಈ ಫೋನ್ ನಿಮ್ ಬ್ಯಾಗಲ್ಲಿಟ್ಕಳಿ," ಅನ್ನುತ್ತಿದ್ದರು. ನಾನು ದರ್ಜಿ. ಜೇಬು ಹೊಲಿದುಕೊಡುತ್ತೇನೆ ಅಂದರೆ "ಇರ್ಲಿ ಬಿಡಿ, ನಿಮ್ಗ್ಯಾಕ್ ತೊಂದ್ರೆ" ಅಂತ ಜಾರಿಕೊಳ್ಳುತ್ತಿದ್ದರು.

ಏಳನೇ ದಿನ ನೀರು ಕುಡಿಯಲು ಟೆಂಪೊ ಹತ್ತಿರ ಹೋದೆ. ಚಾಪೆಗಳ ಸುರುಳಿಯ ನಡುವೆ ದಲ್ಲಾಳಿ ಗೊರಕೆ ಹೊಡೆಯುತ್ತಿದ್ದರು. ಏಳು ದಿನದಿಂದ ನನ್ನ ಹೆಜ್ಜೆಗಳೆಲ್ಲ ಅವರ ಹೆಸರಿಗೆ ಬೀಳುತ್ತಿದ್ದವು! ಹೊಟ್ಟೆ ಉರಿದುಹೋಯಿತು. ಮಾತೆಗೂ ಈ ಗೊಂದಲ ಆಗಿಬಿಟ್ಟರೆ ನನ್ನ ಗತಿಯೇನು? ಫೋನನ್ನು ತೆಗೆದು, ತಳ್ಳುಗಾಡಿಯ ಮುಂದೆ ತಮಟೆ ಬಾರಿಸುವವರ ಬಲಗೈ ತೋಳಿಗೆ ಕರ್ಚೀಫಿನಿಂದ ಬಿಗಿಯಾಗಿ ಕಟ್ಟಿದೆ, ಒಂದೊಂದು ಏಟಿಗೂ ಒಂದೊಂದು ಹೆಜ್ಜೆ.

ಸಂಜೆ ದಲ್ಲಾಳಿ ಸಂಖ್ಯೆ ನೋಡದೆಯೇ ಸ್ಟೇಟಸ್ ಹಾಕಿದರು. ಐದು ನಿಮಿಷಕ್ಕೆ ಊರಿಂದ ಅವರ ತಾಯಿ ಫೋನ್ ಮಾಡಿ ಗೊಳೋ ಅಂತ ಅತ್ತರು: "ಬ್ಯಾಡ ಕಣ್ಲಾ ಮಗನೇ, ಒಂದೇ ದಿನಕ್ಕೆ ಓಗಿ ವಾಪಸ್ಸೂ ಬಂದ್ಬುಟ್ಟಿದ್ದೀಯಂತೆ, ಇನ್ ಕೂತ್ಕಳ್ಲಾ!"

೫. ಗಾಡಿಯೊಳಗಿನ ನಡಿಗೆ

ಒಂಬತ್ತನೇ ದಿನ ನನ್ನ ಕಾಲಿನ ಹೆಬ್ಬೆರಳ ಉಗುರು ಕಿತ್ತುಹೋಯಿತು. ರಸ್ತೆ ಬದಿಯಲ್ಲಿ ಕುಸಿದು ಕೂತೆ. ಯಜಮಾನರು ಟೆಂಪೊ ನಿಲ್ಲಿಸಿ ಬಾಗಿಲು ತೆಗೆದರು. "ಅತ್ಕಳೇ, ನಾಕ್ ಮೈಲಿ. ಯಾರ್ ನೋಡ್ತಾರೆ?"

"ನೋಡೋರು ನೋಡ್ತಾರೆ," ಅಂದೆ.

ಅಕ್ಕ ಯೋಚನೆ ಮಾಡಿ ಒಂದು ದಾರಿ ಹುಡುಕಿದರು. ಟೆಂಪೊ ಓಡುತ್ತಿರುವಾಗ ನಾನು ಅದರೊಳಗೆ ಹಿಂದಿನಿಂದ ಮುಂದಕ್ಕೆ ನಡೆಯುತ್ತಿರಬೇಕು. ನಡೆದಂತೆಯೂ ಆಯಿತು, ಹೋದಂತೆಯೂ ಆಯಿತು. ಲೀಡರಣ್ಣ ಗಂಭೀರವಾಗಿ ತಲೆದೂಗಿ, "ನಡೀತದೆ. ಆದ್ರೆ ಕೂರಂಗಿಲ್ಲ," ಅಂತ ತೀರ್ಪು ಕೊಟ್ಟರು. ತಕ್ಷಣವೇ ಆರು ಜನ ಗಂಡಸರು ಒಳಗೆ ಹತ್ತಿ ನಡೆಯಲು ಶುರುಮಾಡಿದರು.

ನಾನು ಹತ್ತಲಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಆತನ ಬಾಯಿಗೆ ಕಟ್ಟಿದ್ದ ಆ ಆಕ್ಸಿಜನ್ ಮಾಸ್ಕು ಕಣ್ಣ ಮುಂದೆ ಬಂತು. ಬೆರಳಿಗೆ ಬಟ್ಟೆ ಸುತ್ತಿಕೊಂಡು ಎದ್ದು ಕುಂಟುತ್ತಾ ಹೊರಟೆ. ಯಜಮಾನರು ಒಳಗಿದ್ದ ಆರೂ ಜನರನ್ನು ಬೈದು ಇಳಿಸಿ, ಇಡೀ ದಿನ ನನ್ನ ಪಕ್ಕದಲ್ಲೇ, ನನ್ನ ಮೇಲೆ ನೆರಳು ಬೀಳುವ ಹಾಗೆ, ಮೊದಲನೇ ಗೇರಿನಲ್ಲಿ ಟೆಂಪೊ ಓಡಿಸಿದರು. ಹಿಂದಿನ ಲಾರಿಗಳೆಲ್ಲ ಹಾರನ್ ಹೊಡೆದು ಬೈದರೂ ಜಗ್ಗಲಿಲ್ಲ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಈ ಮನುಷ್ಯನಿಗೆ ನನ್ನ ಮೇಲೆ ಇಷ್ಟು ಪ್ರೀತಿಯಿದೆ ಅಂತ ನನಗೆ ಗೊತ್ತಾಗಿದ್ದು ಅವತ್ತೇ.

ಸಂಜೆ ಕ್ಲಚ್ಚು ಸುಟ್ಟ ವಾಸನೆ ಬಂತು. "ನಿನ್ ದೆಸೆಯಿಂದ್ಲೇ ಕಣೇ!" ಅಂತ ಊಟದ ತನಕ ಬೈದರು. ಮನಸ್ಸಿಗೆ ಸಮಾಧಾನವಾಯಿತು, ಇದು ನಮ್ಮ ಯಜಮಾನರೇ.

೬. ಮರಳಿನ ದಾರಿ

ಹದಿಮೂರನೇ ದಿನ ಮುಟ್ಟಿದೆವು. ವೇಲಾಂಕಣ್ಣಿಯಲ್ಲಿ ಚರ್ಚಿನಿಂದ ಹಳೇ ಕೊಳದವರೆಗೆ ಮರಳಿನ ದಾರಿ ಇದೆ. ಭಕ್ತರು ಅದನ್ನು ಮಂಡಿಯೂರಿ ಸಾಗುತ್ತಾರೆ. "ಅದು ಅರಕೇಲಿ ಇರ್ಲಿಲ್ಲ, ಇಷ್ಟ ಇದ್ರೆ ಮಾಡು," ಅಂದರು ಅಕ್ಕ ಉದಾರವಾಗಿ. ಇಷ್ಟು ಬಂದವಳು ಅದನ್ನೊಂದು ಯಾಕೆ ಬಿಡಲಿ ಅಂತ ಮಂಡಿಯೂರಿದೆ. ಯಜಮಾನರು ಟೆಂಪೊವನ್ನು ಬಸ್ ಸ್ಟ್ಯಾಂಡ್ ಹತ್ತಿರ ನಿಲ್ಲಿಸಿ ನಡೆದು ಬಂದು, ನನ್ನ ಪಕ್ಕದಲ್ಲಿ ಕೊಡೆ ಹಿಡಿದು ಹೆಜ್ಜೆ ಹಾಕಿದರು.

ಅರ್ಧ ದಾರಿಗೆ ಕೊಡೆಯ ನೆರಳು ಸರಿದುಹೋಯಿತು. ತಿರುಗಿ ನೋಡಿದರೆ ಯಜಮಾನರು ಎದೆ ಹಿಡಿದುಕೊಂಡು ಮರಳಿನ ಮೇಲೆ ಕೂತಿದ್ದಾರೆ. ಮುಖದ ತುಂಬ ಬೆವರು.

ನನ್ನ ಜೀವ ಬಾಯಿಗೆ ಬಂತು. ಎಲ್ಲಿ ತಪ್ಪಿದೆ? ಉಗುರು ಕಿತ್ತ ದಿನ ನಿಂತಿದ್ದ ಟೆಂಪೊಗೆ ಒಂದು ನಿಮಿಷ ಒರಗಿದ್ದೆ, ಅದೂ ಹತ್ತಿದ ಹಾಗೆಯೇ? "ತಾಯೀ, ಒರಗಿದ್ದೆ ಅಷ್ಟೆ, ಕಾಲು ನೆಲದ ಮೇಲೇ ಇತ್ತು!" ಅಂತ ಕೂಗುತ್ತಾ ಸ್ವಯಂಸೇವಕರು ಹೊತ್ತ ಸ್ಟ್ರೆಚರಿನ ಹಿಂದೆ ಓಡಿದೆ.

ಪ್ರಥಮ ಚಿಕಿತ್ಸೆಯ ಡೇರೆಯಲ್ಲಿ ನರ್ಸಮ್ಮ ನಾಡಿ ನೋಡಿದರು, ಬಿ.ಪಿ. ನೋಡಿದರು, ಎದೆಗೆ ಸ್ಟೆತೊಸ್ಕೋಪು ಇಟ್ಟರು. ಆಮೇಲೆ ಕನಿಕರದಿಂದ ಕೇಳಿದರು, "ಎಷ್ಟು ದೂರದಿಂದ ನಡ್ಕೊಂಡು ಬರ್ತಿದೀರಾ ಅಯ್ಯಾ?"

"ಬಸ್ ಸ್ಟ್ಯಾಂಡಿಂದ," ಅಂದರು ಯಜಮಾನರು ಕ್ಷೀಣವಾಗಿ.

ನರ್ಸಮ್ಮ ಸ್ಟೆತೊಸ್ಕೋಪು ಮಡಚಿಟ್ಟು, ಗ್ಯಾಸಿಗೆ ಒಂದು ಮಾತ್ರೆ ಕೊಟ್ಟರು. ಹದಿಮೂರು ದಿನದ ಪೊಂಗಲ್ಲು ನನ್ನ ಕಾಲಲ್ಲಿ ಕರಗಿತ್ತು, ಅವರದು ಹಾಗೇ ಇತ್ತು. ಏನೂ ಇಲ್ಲ ಅಂತ ಕೇಳಿದ್ದೇ ತಡ, ಅಲ್ಲಿಯವರೆಗೆ ಹಿಡಿದುಕೊಂಡಿದ್ದ ನನ್ನ ಜೀವ ಕೈಬಿಟ್ಟಿತು. ಕಣ್ಣು ಕತ್ತಲೆ ಬಂದು ಅಲ್ಲೇ ಬಿದ್ದೆ.

ಯಜಮಾನರನ್ನು ಎಬ್ಬಿಸಿ ಅದೇ ಮಂಚದ ಮೇಲೆ ನನ್ನನ್ನು ಮಲಗಿಸಿದರಂತೆ. ಸ್ವಲ್ಪ ಹೊತ್ತಿಗೆ ಕಿವಿಗೆ ಮಾತು ಬೀಳತೊಡಗಿತು, ಕಣ್ಣು ತೆರೆಯಲು ಮಾತ್ರ ಶಕ್ತಿಯಿರಲಿಲ್ಲ. ಮಂಚದ ಪಕ್ಕದಲ್ಲಿ ನಮ್ಮ ಯಜಮಾನರು ಅಳುತ್ತಿದ್ದರು. ಅಂಥ ಅಳುವನ್ನು ಅವರ ಗಂಟಲಿನಿಂದ ನಾನು ಎಂದೂ ಕೇಳಿರಲಿಲ್ಲ.

"ತಾಯೇ, ನಂಗೆ ಇವ್ಳೊಬ್ಳೇ. ಇವ್ಳಿಲ್ದೇ ನಾನ್ ಏನ್ ಮಾಡ್ಲಿ? ಇವ್ಳು ಎದ್ ಕೂತ್ಕಂಡ್ರೆ ಸಾಕು ತಾಯೇ, ಮುಂದಿನ್ ವರ್ಷನೂ..."

ಆ ಮಾತು ಎಲ್ಲಿಗೆ ಹೋಗುತ್ತಿದೆ ಅಂತ ನನಗೆ ಥಟ್ಟನೆ ಹೊಳೆಯಿತು. ಎಲ್ಲಿತ್ತೋ ಶಕ್ತಿ, ಧಡಕ್ಕನೆ ಎದ್ದು ಕೂತು ಎರಡೂ ಕೈಯಿಂದ ಅವರ ಬಾಯಿ ಮುಚ್ಚಿದೆ. ತಡವಾಗಿತ್ತು. "...ಇವ್ಳು ನಡ್ಕಂಡೇ ಬತ್ತಾಳೆ" ಅನ್ನುವುದು ನನ್ನ ಬೆರಳ ಸಂದಿಯಿಂದ ಪೂರ್ತಿಯಾಗಿ ಹೊರಗೆ ಬಂದುಬಿಟ್ಟಿತು.

ಮಂಚದ ಕಾಲ ಬಳಿ ನಿಂತಿದ್ದ ಅಕ್ಕ ಎರಡೂ ಕೈ ಮೇಲೆತ್ತಿ ಆನಂದದಿಂದ ಕೂಗಿದರು: "ನೋಡ್ದ್ಯಾ ತಂಗಚ್ಚಿ ಮಾತಾ ಮಹಿಮೆ! ಅರಕೆ ಬಾಯಿಂದ ಈಚೆಗ್ ಬರೋ ಮುಂಚೇನೇ ಎದ್ದು ಕೂರ್ಸ್‌ಬುಟ್ಳು!"