ನೂರು ಜಾಡಿ ಸೌತೆಕಾಯಿ, ಒಂದು ಸಮುದ್ರ

"ಈ ಚಳಿಗಾಲ ನಾನು ಅಂಗಡಿಯ ಹೊಸ್ತಿಲು ತುಳಿದರೆ ಕೇಳಿ, ಫಾಯಿನಾ ಲ್ವೊವ್ನಾ!" ಎಂದು ಎದೆಯುಬ್ಬಿಸಿದೆ. ಪಕ್ಕದ ತೋಟದ ಆ ಹಿರಿಯಾಕೆ ಚಹಾದ ಲೋಟವನ್ನು ತುಟಿಗಿಡುವಷ್ಟರಲ್ಲಿ ಅಡುಗೆಮನೆಯ ಮೂಲೆಯಲ್ಲಿ ಢಮಾರ್! ಉಪ್ಪುನೀರಿನ ಜಾಡಿಗಳಿಗೆ ಹೊದೆಸಿದ್ದ ಹೊದಿಕೆಯ ಸಂದಿಯಿಂದ ಸೌತೆಕಾಯಿಯೊಂದು ಹಾರಿ ನೇರವಾಗಿ ಆಕೆಯ ಮಡಿಲಿಗೆ ಬಿತ್ತು.

ಮಡಿಲು ತುಂಬಿದ ಆಕೆ ಬೆರಳಿಗಂಟಿದ ನೀರನ್ನು ನೆಕ್ಕಿ ನೋಡಿದರು.

"ಗೆನ್ನಾದಿ ಪೆಟ್ರೊವಿಚ್, ಯಾವ ಉಪ್ಪು ಹಾಕಿದ್ರಿ?"

"ಅಯೋಡಿನ್ ಉಪ್ಪು! ಆರೋಗ್ಯಕ್ಕೆ ಒಳ್ಳೇದಲ್ವೇ?"

ಫಾಯಿನಾ ಶಿಲುಬೆಯ ಗುರುತು ಹಾಕಿಕೊಂಡರು. ನನ್ನ ಹೆಂಡತಿ ರಿಮ್ಮಾ ಮೆಲ್ಲಗೆ ಕುರ್ಚಿಯಲ್ಲಿ ಕುಸಿದಳು. "ಸೌತೆಕಾಯಿಗೆ ಕಲ್ಲುಪ್ಪೇ ಆಗ್ಬೇಕು, ಅಯೋಡಿನ್ ಹಾಕಿದ್ರೆ ಜಾಡಿ ಸಿಡಿಯುತ್ತೆ ಅಂತ ನಮ್ಮನೆ ಬೆಕ್ಕಿಗೂ ಗೊತ್ತು, ಗೇನಾ!"

ಬೆಕ್ಕಿಗೆ ಗೊತ್ತಿದ್ದರೆ ಹೇಳಬಹುದಿತ್ತು. ನೂರು ಜಾಡಿಗಳಿಗೂ ಉಪ್ಪು ಸುರಿಯುವಾಗ ಅದು ಪಕ್ಕದಲ್ಲೇ ಕೂತಿತ್ತು!

ನಮ್ಮ ಮದುವೆಯಾಗಿ ಇಪ್ಪತ್ತೆರಡು ವರ್ಷ. ಜೂನ್‌ನಲ್ಲಿ ಕಳೆ, ಜುಲೈನಲ್ಲಿ ಹುಳು, ಆಗಸ್ಟ್‌ನಲ್ಲಿ ಜಾಡಿ, ಸೆಪ್ಟೆಂಬರ್‌ನಲ್ಲಿ ಆಲೂಗಡ್ಡೆ. ರಿಮ್ಮಾ ಸಮುದ್ರ ನೋಡಿದ್ದು ಕ್ಯಾಲೆಂಡರಿನ ಚಿತ್ರದಲ್ಲಿ ಮಾತ್ರ. ಅದರ ಅಲೆಗಳ ಮೇಲೂ ನಾನು ಬಿತ್ತನೆಯ ತಾರೀಕುಗಳನ್ನು ಗೀಚಿದ್ದೆ. ಈ ವಸಂತದಲ್ಲಿ ಅವಳು ಸಲಿಕೆ ನೆಟ್ಟು ನಿಂತಳು. "ನೂರು ಜಾಡಿ ತುಂಬಿಸಿಕೊಡ್ತೀನಿ. ಆಮೇಲೆ ಸಮುದ್ರಕ್ಕೆ. ಇಲ್ಲ ಅನ್ನು ನೋಡೋಣ!" ನಾನು ಚಕ್ರವರ್ತಿಯಂತೆ ಒಪ್ಪಿದೆ. ಅವಳ ಕೈ ಸೊಂಟ ಎರಡೂ ಬಿದ್ದುಹೋದವು. ಜಾಡಿಗಳು ಮಾತ್ರ ತುಂಬಿದವು. ಇಬ್ಬರಿಗೂ ರೈಲಿನ ಟಿಕೆಟ್ ಬಂತು. ಹೊರಡುವುದು ನಾಳೆ ಬೆಳಗ್ಗೆ.

ಢಮಾರ್! ಎರಡನೆಯದು. ಢಮಾರ್!

ರಿಮ್ಮಾ ಓಡಿಹೋಗಿ ಹೊದಿಕೆ ಎಳೆದಳು. ಬಿಸಿ ಜಾಡಿಗಳನ್ನು ತಲೆಕೆಳಗಿಟ್ಟು ಬೆಚ್ಚಗೆ ಹೊದೆಸುವುದು ನಮ್ಮಲ್ಲಿ ಎಲ್ಲರೂ ಮಾಡುವುದೇ. ನೂರಕ್ಕಾಗುವಷ್ಟು ಕಂಬಳಿ ಯಾರ ಮನೆಯಲ್ಲಿರುತ್ತದೆ? ಮೂಲೆಯಲ್ಲಿ ರಿಮ್ಮಾ ಕಟ್ಟಿಟ್ಟ ಸೂಟ್‌ಕೇಸ್ ತುಂಬ ಬಟ್ಟೆ ಸುಮ್ಮನೆ ಕೂತಿತ್ತು...

ಸಮುದ್ರತೀರಕ್ಕೆಂದು ಅವಳು ಹೊಲಿಸಿದ ನೀಲಿ ಉಡುಪಿನಿಂದ ಉಪ್ಪುನೀರು ತೊಟ್ಟಿಕ್ಕಿತು. ಅದರ ತೋಳಿಗೆ ಬೆಳ್ಳುಳ್ಳಿಯ ಎಸಳೊಂದು ಅಂಟಿತ್ತು.

ಆ ಹೊತ್ತಿನಲ್ಲಿ ಬುದ್ಧಿವಂತ ಗಂಡ ಬಾಯಿ ಮುಚ್ಚಿಕೊಳ್ಳುತ್ತಾನೆ. ನಾನು ಅಂದೆ, "ಬಳ್ಳಿಯಲ್ಲಿ ಇನ್ನೂ ಕೊನೇ ಕಾಯಿಗಳಿವೆ, ರಿಮ್ಮಾ. ಟಿಕೆಟ್ ವಾಪಸ್ ಮಾಡಿ ಮತ್ತೆ ಶುರು ಮಾಡೋಣ. ಸಮುದ್ರ ಎಲ್ಲಿಗೆ ಹೋಗುತ್ತೆ?"

ರಿಮ್ಮಾ ಒದ್ದೆ ಉಡುಪನ್ನು ಹಿಂಡಿ, ಮಡಿಸಿ, ಸೂಟ್‌ಕೇಸಿನಲ್ಲಿಟ್ಟಳು.

"ಫಾಯಿನಾ ಲ್ವೊವ್ನಾ, ಗೇನಾಗೆ ತೋಟದಲ್ಲಿ ಕೆಲಸ ಇದೆ. ಅವನ ಜಾಗದಲ್ಲಿ ನೀವು ಬರ್ತೀರಾ?"

"ಹಲ್ಲುಜ್ಜೋ ಬ್ರಷ್ ತಗೊಂಡ್ಬರ್ತೀನಿ, ಇರು!" ಎಂದು ಆಕೆ ಮಡಿಲ ಸೌತೆಕಾಯಿಯನ್ನು ನನ್ನ ಕೈಗಿಟ್ಟು ಎದ್ದರು.

ಅವರಿಬ್ಬರೂ ಹೊರಟ ಐದನೆಯ ದಿನದ ಹೊತ್ತಿಗೆ ನನ್ನ ಸ್ವಾವಲಂಬನೆಯಲ್ಲಿ ಹನ್ನೊಂದು ಜಾಡಿ ಉಳಿದಿದ್ದವು. ಅಂಗಡಿಯ ಬ್ರೆಡ್ ಅಗಿಯುತ್ತಾ ಫೋನ್ ಮಾಡಿದೆ.

"ಹೇಗಿದೆ ರಿಮ್ಮಾ, ಸಮುದ್ರ?"

ಅವಳು ಫೋನನ್ನು ಅಲೆಗಳತ್ತ ಹಿಡಿದು ಸದ್ದು ಕೇಳಿಸಿದಳು.

"ಉಪ್ಪು ಹದವಾಗಿದೆ, ಗೇನಾ. ಇಪ್ಪತ್ತೆರಡು ವರ್ಷ ಇಟ್ಟಿದ್ರೂ ಕೆಟ್ಟಿಲ್ಲ."