ಮಲಗಿದ ಮಾನಿಟರು, ಹೊರಟ ರಾಜೀನಾಮೆ

ಶನಿವಾರ ಸಂಜೆ ಕೊಂಬಣ್ಣ ಊಟದ ಮೇಜಿನ ಮುಂದೆ ಎದ್ದು ನಿಂತು ತನ್ನ ನಿರ್ಧಾರ ಪ್ರಕಟಿಸಿದ. ಕೇಳಲು ಅಲ್ಲಿದ್ದವಳು ಹೆಂಡತಿ ಒಬ್ಬಳೇ. ದನಿ ಮಾತ್ರ ಮೈದಾನದ ಕೊನೆಯ ಸಾಲಿಗೂ ಮುಟ್ಟುವಂತಿತ್ತು.

"ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಆ ಕಚೇರಿಗೂ ನನಗೂ ಸಂಬಂಧ ಮುಗೀತು. ನಾನಿಲ್ದೆ ಒಂದು ವಾರ ಪುಸ್ತಕ ಅಚ್ಚು ಹಾಕಲಿ, ನಾನೂ ನೋಡ್ತೀನಿ."

ಸೋಮವಾರಕ್ಕೆ ಇನ್ನೂ ಹೊತ್ತಿದೆ, ಅಲ್ಲಿಯವರೆಗೆ ನಿಂತೇ ಇರುವುದು ಬೇಡ, ಕೂತು ಊಟ ಮುಗಿಸಿ ಎಂದಳು ಹೆಂಡತಿ.

ಕೊಂಬಣ್ಣ ಎಂಬುದು ಹೆತ್ತವರಿಟ್ಟ ಹೆಸರಲ್ಲ. ಮಕ್ಕಳ ಪುಸ್ತಕಗಳನ್ನು ಪ್ರಕಟಿಸುವ ಸಂಸ್ಥೆಯೊಂದರಲ್ಲಿ ಅವನು ಇಪ್ಪತ್ತೆರಡು ವರ್ಷದಿಂದ ಕರಡು ತಿದ್ದುತ್ತಿದ್ದ. ಯಾವ ಅಕ್ಷರದ ಕೊಂಬು ಬಿದ್ದುಹೋಗಿದ್ದರೂ ಅದು ಅವನ ಕಣ್ಣಿಗೆ ಓಡುವ ಬಸ್ಸಿನಿಂದಲೂ ಕಾಣುತ್ತಿತ್ತು. ಅಂಗಡಿಯ ಬೋರ್ಡು, ಔಷಧದ ಡಬ್ಬಿ, ಲಿಫ್ಟಿನ ಎಚ್ಚರಿಕೆ, ಯಾವುದನ್ನೂ ಅವನು ಓದುತ್ತಿರಲಿಲ್ಲ, ತಿದ್ದುತ್ತಿದ್ದ. ಹಾಗಾಗಿ ಕಚೇರಿಯವರು ಪ್ರೀತಿಯಿಂದ ಕೊಂಬಣ್ಣ ಎಂದರು. ವರ್ಷ ಕಳೆದಂತೆ ಆ ಕೊಂಬು ಅಕ್ಷರದಿಂದ ಜಾರಿ ಅವನ ತಲೆಯ ಮೇಲೆ ಬಂದು ಕೂತಿದೆ ಎನ್ನುವವರೂ ಇದ್ದರು.

ಅಂಥವನ ಎದುರಿಗೆ ಶುಕ್ರವಾರ ಒಂದು ಅನಾಹುತ ನಡೆದಿತ್ತು. ಸಂಸ್ಥೆಯ ಸಂಪಾದಕಿ, ಅಂದರೆ ಎಲ್ಲರ ಬಾಯಲ್ಲಿ ದೊಡ್ಡ ಮೇಡಂ, ಕಾಗುಣಿತ ತಿದ್ದುವ ಹೊಸ ಸಾಫ್ಟ್‌ವೇರ್ ತರಿಸಿದ್ದರು. ಇನ್ನು ಮುಂದೆ ಕೊನೆಯ ಕರಡನ್ನು ಇದೇ ನೋಡಿಕೊಳ್ಳುತ್ತದೆ, ಕೊಂಬಣ್ಣನವರಿಗೆ ಸ್ವಲ್ಪ ವಿಶ್ರಾಂತಿ ಎಂದು ಮೀಟಿಂಗಿನಲ್ಲಿ ಹೇಳಿ ನಕ್ಕಿದ್ದರು. ಉಳಿದವರು ಚಪ್ಪಾಳೆ ತಟ್ಟಿದರು. ವಿಶ್ರಾಂತಿ! ಅದು ಸಮಾಧಿಯ ಕಲ್ಲಿನ ಮೇಲೆ ಬರೆಯುವ ಪದ ಎಂದು ಕೊಂಬಣ್ಣನಿಗೆ ಅನ್ನಿಸಿತು.

ಶನಿವಾರ ಇಡೀ ದಿನ ಕೂತು ಮೂರು ಪುಟದ ರಾಜೀನಾಮೆ ಬರೆದ. ಬರೆಯುತ್ತ ಹೋದಂತೆ ಕೈಗೆ ಬಲ ಬಂತು. ಮೊದಲ ಪುಟದಲ್ಲಿ ಸೇವೆ, ಎರಡನೆಯದರಲ್ಲಿ ತ್ಯಾಗ, ಮೂರನೆಯದರಲ್ಲಿ ಬೈಗುಳ. "ಇಪ್ಪತ್ತೆರಡು ವರ್ಷ ನಾನು ನಿಮ್ಮ ಪುಸ್ತಕಗಳಿಗೆ ಮಹಾಪ್ರಾಣ ತುಂಬಿದೆ, ನೀವೋ ಕೊನೆಗೂ ಅಲ್ಪಪ್ರಾಣಿಯಾಗಿಯೇ ಉಳಿದಿರಿ" ಎಂಬ ಸಾಲು ಬಂದಾಗ ಅವನಿಗೆ ತನ್ನ ಮೇಲೇ ಗೌರವ ಹೆಚ್ಚಿತು. ಆಗಲೇ ಕಳಿಸಿಬಿಟ್ಟರೆ ರಜೆಯ ದಿನ ಯಾರೂ ಓದುವುದಿಲ್ಲ. ಸೋಮವಾರದ ಮೀಟಿಂಗಿನ ನಡುಮಧ್ಯೆ ಬಾಂಬಿನಂತೆ ಬೀಳಲಿ ಎಂದುಕೊಂಡು, ಹನ್ನೊಂದಕ್ಕೆ ಸರಿಯಾಗಿ ಪತ್ರ ತಾನಾಗಿ ಹೊರಡುವ ಹಾಗೆ ಮೇಲ್‌ನಲ್ಲಿ ಸಮಯ ಹಾಕಿಟ್ಟ. ಮೇಡಂಗೆ ಒಂದು, ಸಹೋದ್ಯೋಗಿಗಳಿಗೆ ಹದಿನೆಂಟು ಪ್ರತಿ. ಭಾನುವಾರವಿಡೀ ಪತ್ರವನ್ನು ಪರದೆಯ ಮೇಲೆ ತೆರೆದೇ ಇಟ್ಟು, ಹೋಗುತ್ತ ಬರುತ್ತ ಒಮ್ಮೊಮ್ಮೆ ಇಣುಕಿ ಸಂತೋಷಪಟ್ಟ.

ಸೋಮವಾರ ಅವನು ಮನೆಯಿಂದಲೇ ಕೆಲಸ ಮಾಡುವ ದಿನ. ಹತ್ತೂ ಇಪ್ಪತ್ತಕ್ಕೆ ಫೋನ್ ಬಂತು. ದೊಡ್ಡ ಮೇಡಂ.

ಮೇಡಂ ದನಿ ಎಂದಿನಂತಿರಲಿಲ್ಲ. ಕತ್ತೆಯೊಂದರ ಬಗ್ಗೆ ಬರೆದ ಮಕ್ಕಳ ಪುಸ್ತಕವನ್ನು ಸಾಫ್ಟ್‌ವೇರ್ ತಿದ್ದಿತಂತೆ. ಪುಟಪುಟದಲ್ಲೂ ಕತ್ತೆಯನ್ನು ಕಂಡು ಕಂಡು, 'ಕತೆ' ಎಂದಿದ್ದ ಕಡೆಯೆಲ್ಲ ಒತ್ತು ಬಿಟ್ಟುಹೋಗಿದೆ ಎಂದು ಅದೇ ತೀರ್ಮಾನಿಸಿತಂತೆ. ಮುಖಪುಟದ ಮಾದರಿ ಲೇಖಕರ ಕೈಸೇರಿದಾಗ ಅದರ ಮೇಲೆ, ಅವರ ಹೆಸರಿನ ಪಕ್ಕ, 'ಕತ್ತೆ' ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಲೇಖಕರು ಬೆಳಿಗ್ಗೆಯಿಂದ ಕಚೇರಿಯಲ್ಲೇ ಕೂತಿದ್ದಾರಂತೆ, ನೀರು ಕೂಡ ಮುಟ್ಟಿಲ್ಲವಂತೆ.

"ತಪ್ಪು ನಂದೇ," ಎಂದರು ಮೇಡಂ. "ಇನ್ಮೇಲೆ ನೀವು ನೋಡಿ ಸಹಿ ಹಾಕದೆ ಒಂದು ಹಾಳೆನೂ ಅಚ್ಚಿಗೆ ಹೋಗಲ್ಲ. ಹನ್ನೊಂದಕ್ಕೆ ಮೀಟಿಂಗಿನಲ್ಲಿ ಎಲ್ಲರ ಮುಂದೆ ಇದನ್ನೇ ಹೇಳ್ತೀನಿ."

ಕೊಂಬಣ್ಣನ ಎದೆ ಅಂಗಿಯ ಗುಂಡಿ ಹಾರುವಷ್ಟು ಉಬ್ಬಿತು. ಕೊನೆಯ ವಾಕ್ಯದ ಮೊದಲ ಪದ ಕಿವಿಯಿಂದ ಮಿದುಳಿಗೆ ತಲುಪಿದ್ದೇ ತಡ, ಅದೇ ಎದೆ ಧಸಕ್ಕೆಂದಿತು. ಹನ್ನೊಂದಕ್ಕೆ!

ಫೋನಿನಲ್ಲಿ ಕಚೇರಿಯ ಮೇಲ್ ಇರಲಿಲ್ಲ. ಕಚೇರಿ ನನ್ನ ಜೇಬಿನೊಳಗೆ ಕಾಲಿಡಕೂಡದು ಎಂದು ಅವನೇ ಹಟ ಹಿಡಿದಿದ್ದ. ಪಾಸ್‌ವರ್ಡು ಗೊತ್ತಿದ್ದದ್ದು ಮನೆಯ ಕಂಪ್ಯೂಟರಿಗೆ ಮಾತ್ರ. ಕೋಣೆಗೆ ಓಡಿದ. ಪರದೆ ಕಪ್ಪಗಿತ್ತು. ಮೂಲೆಯಲ್ಲಿ ಒಂದು ಕಿತ್ತಳೆ ದೀಪ ಗೊರಕೆ ಹೊಡೆದಂತೆ ನಿಧಾನವಾಗಿ ಮಿನುಗುತ್ತಿತ್ತು. ಮೌಸ್ ಅಲ್ಲಾಡಿಸಿದ. ಜೋರಾಗಿ ಅಲ್ಲಾಡಿಸಿದ. ಮೇಜಿನ ಮೇಲೆ ರೊಟ್ಟಿ ತಟ್ಟುವಂತೆ ತಟ್ಟಿದ. ಕೆಳಗೆ ಕಂಪ್ಯೂಟರ್ ಡಬ್ಬಿಯ ಫ್ಯಾನು ಗುಂಯ್ ಎನ್ನುತ್ತಿತ್ತು, ಅಂದರೆ ಅದಕ್ಕೆ ಎಚ್ಚರವಿದೆ. ಮಲಗಿರುವುದು ಮಾನಿಟರು ಮಾತ್ರ.

ಸದ್ದು ಕೇಳಿ ಹೆಂಡತಿ ಬಂದಳು. ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು. ಸೋಮವಾರ ಮೊದಲ ಪಾಠ ಹನ್ನೆರಡಕ್ಕೆ. ಬ್ರೇಕ್ ಅಂದುಕೊಂಡು ಆಕ್ಸಿಲರೇಟರ್ ಒತ್ತುವವರ ಪಕ್ಕ ಹದಿನೈದು ವರ್ಷ ಕೂತು ಅವಳ ಪಾಲಿನ ಗಾಬರಿಯೆಲ್ಲ ಖರ್ಚಾಗಿ ಹೋಗಿತ್ತು. ಅವನು ಏದುಸಿರಿನಲ್ಲೇ ವಿಷಯ ಹೇಳಿದ. ಇಷ್ಟೇ ತಾನೇ ಎಂದು ಅವಳು ಕೀಬೋರ್ಡಿನತ್ತ ಕೈ ಚಾಚಿದಳು. ಕೊಂಬಣ್ಣ ಅವಳ ಮಣಿಕಟ್ಟು ಹಿಡಿದುಕೊಂಡ.

"ಒತ್ತಬೇಡ. ಪತ್ರ ತೆರೆದೇ ಇದೆ. 'ಈಗಲೇ ಕಳಿಸು' ಅನ್ನೋದೇ ಆಯ್ಕೆಯಾಗಿ ನಿಂತಿದೆ. ಕತ್ತಲಲ್ಲಿ ಒಂದು ಕೀ ಬಿದ್ರೂ ಕತೆ ಮುಗೀತು."

ಜೀವಮಾನವಿಡೀ ಜನರಿಗೆ ಒತ್ತು ಕೊಡಿ, ಒತ್ತು ಬಿಟ್ಟಿದ್ದೀರಿ ಎಂದು ಬೈದ ಮನುಷ್ಯ ಈಗ ಒತ್ತಬೇಡ ಎಂದು ಬೇಡಿಕೊಳ್ಳುತ್ತಿದ್ದ.

ಮೇಡಂಗೆ ಫೋನ್ ಮಾಡಿ ಒಂದು ಮಾತು ಹೇಳಿಬಿಡಿ ಎಂದಳು ಹೆಂಡತಿ.

"ಏನಂತ ಹೇಳಲಿ? ಹನ್ನೊಂದಕ್ಕೆ ಒಂದು ಪತ್ರ ಬರುತ್ತೆ, ಅದರಲ್ಲಿ ನಿಮ್ಮನ್ನ ಅಲ್ಪಪ್ರಾಣಿ ಅಂದಿದ್ದೀನಿ, ದಯವಿಟ್ಟು ಓದಬೇಡಿ ಅಂತಲಾ?"



ಕೊಂಬಣ್ಣ ಮಾನಿಟರಿನ ಅಂಚಿನ ಕೆಳಗೆ ಬೆರಳಾಡಿಸಿದ. ಅಲ್ಲಿ ನಾಲ್ಕೈದು ಗುಂಡಿಗಳಿದ್ದವು. ಯಾವುದು ಏನೆಂದು ಬರೆದಿರಲಿಲ್ಲ. ಒಂದೊಂದನ್ನೇ ಒತ್ತಿದ. ಪರದೆಯ ಮೇಲೆ ಒಂದು ಪುಟ್ಟ ಚೌಕ ಮೂಡಿತು. ಖುಷಿಯಲ್ಲಿ ಇನ್ನೆರಡು ಸಲ ಒತ್ತಿದ. ಚೌಕದೊಳಗಿನ ಭಾಷೆ ಬದಲಾಗಿ, ಪುಟ್ಟ ಮನೆಗಳ ಸಾಲಿನಂತೆ ಕಾಣುವ ಯಾವುದೋ ಲಿಪಿ ಬಂತು. ತಪ್ಪು ಎಲ್ಲಿದೆಯೆಂದು ತನಗೆ ಗೊತ್ತಾಗದ ಪುಟವನ್ನು ಅವನು ಮೊದಲ ಸಲ ನೋಡುತ್ತಿದ್ದ. ಅದೂ ಐದು ಕ್ಷಣ ಇದ್ದು ಆರಿಹೋಯಿತು.

ಹತ್ತೂ ಮೂವತ್ತೈದು. ತಂತಿ ಸಡಿಲವಾಗಿರಬೇಕೆಂದು ಮೇಜಿನ ಕೆಳಗೆ ತೆವಳಿದ. ಅಲ್ಲಿ ತಂತಿಗಳು ಹಾವಿನ ಹುತ್ತದಂತೆ ಹೆಣೆದುಕೊಂಡಿದ್ದವು. ಒಂದನ್ನು ಹಿಡಿದು ಬಲವಾಗಿ ಎಳೆದ. ಎದುರು ಗೋಡೆಯ ಮೇಲಿದ್ದ ಇಂಟರ್ನೆಟ್ ಡಬ್ಬಿಯ ಹಸಿರು ದೀಪಗಳೆಲ್ಲ ಒಟ್ಟಿಗೆ ಆರಿದವು. ಏಳಲು ಹೋಗಿ ತಲೆಯನ್ನು ಮೇಜಿಗೆ ಬಡಿಸಿಕೊಂಡ. ಆ ನೋವಿನಲ್ಲೇ ಅವನ ಮುಖದಲ್ಲಿ ನಗು ಅರಳಿತು. ನೆಟ್ಟೇ ಇಲ್ಲದ ಮೇಲೆ ಮೇಲ್ ಹೇಗೆ ಹೋಗುತ್ತದೆ? ಗೆದ್ದೆ ಎಂದು ಅಲ್ಲಿಂದಲೇ ಸಾರಿದ.

ಹೆಂಡತಿ ಬಗ್ಗಿ ಮೇಜಿನ ಕೆಳಗೆ ನೋಡಿದಳು. "ನೀವು ಟೈಮ್ ಹಾಕಿದಾಗಲೇ ಪತ್ರ ಮೇಲ್ ಕಂಪನಿಯವರ ಕಡೆ ಹೋಗಿ ಕೂತಿದೆ ರೀ. ಡಬ್ಬಕ್ಕೆ ಕಾಗದ ಹಾಕಿ ಬಂದು ಮನೆ ಬಾಗಿಲು ಮುಚ್ಕೊಂಡ್ರೆ ಅಂಚೆಯವನು ನಿಲ್ತಾನಾ?"

ನಗು ಬಂದ ದಾರಿಯಲ್ಲೇ ವಾಪಸು ಹೋಯಿತು.

ಈಗ ಕೊಂಬಣ್ಣನಿಗೆ ಹೊಳೆದದ್ದು ಟಿವಿ. ಮಾನಿಟರು ಸತ್ತರೇನು, ಹಜಾರದಲ್ಲಿ ಅದಕ್ಕಿಂತ ನಾಲ್ಕು ಪಟ್ಟು ದೊಡ್ಡ ಪರದೆಯಿದೆ. ಗಂಡ ಒಂದು ತುದಿ, ಹೆಂಡತಿ ಒಂದು ತುದಿ ಹಿಡಿದು ಅದನ್ನು ಹೊತ್ತುಕೊಂಡು ಬಂದರು. ಬಾಗಿಲಲ್ಲಿ ಅದು ಅಡ್ಡ ಸಿಕ್ಕಿಕೊಂಡಿತು. ಎಡಕ್ಕೆ ತಿರುಗಿಸಿ, ಸ್ವಲ್ಪ ಹಿಂದೆ ಬನ್ನಿ, ಕನ್ನಡಿ ನೋಡಿ ಎಂದು ಹೆಂಡತಿ ಅಭ್ಯಾಸಬಲದಿಂದ ಹೇಳುತ್ತಿದ್ದಳು. ಹೂದಾನಿಯೊಂದು ಉರುಳಿ ಅದರ ನೀರೆಲ್ಲ ಕೊಂಬಣ್ಣನ ಪ್ಯಾಂಟಿನೊಳಗೆ ಹರಿಯಿತು. ಅಂತೂ ಟಿವಿ ಹಾಸಿಗೆಯ ಮೇಲೆ ಒರಗಿ ಕೂತಿತು; ತಂತಿ ಸಿಕ್ಕಿಸಿದರು; ಬೆಳಕು ಬಂತು!

ಬೆಳಕು ಬಂದದ್ದಷ್ಟೇ. ಪರದೆಯ ತುಂಬ ನೀಲಿ ಆಕಾಶ, ಮೂಲೆಯಲ್ಲಿ ಒಂದು ಮೋಡ. ಪತ್ರವಿಲ್ಲ, ಮೇಲ್ ಇಲ್ಲ. ಈ ಮನೆಗೆ ಎರಡು ಪರದೆ ಎಂದು ಕಂಪ್ಯೂಟರ್ ತಿಳಿದುಕೊಂಡಿತ್ತು. ಟಿವಿಗೆ ಬರೀ ಆಕಾಶ ಕೊಟ್ಟು, ಕೆಲಸದ ಕಾಗದಪತ್ರವನ್ನೆಲ್ಲ ಮಲಗಿರುವ ಮಾನಿಟರಿನಲ್ಲೇ ಇಟ್ಟುಕೊಂಡಿತ್ತು. ಮೌಸ್ ಸರಿಸಿದರೆ ಬಾಣದ ಗುರುತು ಆಕಾಶದಲ್ಲಿ ಒಂದು ಸುತ್ತು ಹಾಕಿ, ಎಡ ಅಂಚಿನಿಂದ ಕತ್ತಲೊಳಗೆ ನುಸುಳಿ ಮಾಯವಾಗುತ್ತಿತ್ತು.

ಹತ್ತೂ ಐವತ್ತೊಂದು. ಕೊಂಬಣ್ಣ ಒದ್ದೆ ಪ್ಯಾಂಟಿನಲ್ಲಿ ಹಾಸಿಗೆಯ ಅಂಚಿನ ಮೇಲೆ ಕುಸಿದು ಕೂತ. ಈಗ ಅವನಿಗೆ ಪತ್ರದ ಮಾತುಗಳಲ್ಲ, ಓದುವವರ ಮುಖಗಳು ಕಾಣುತ್ತಿದ್ದವು. ಮೇಡಂ ಎಲ್ಲರೆದುರು ಅವನನ್ನು ಹೊಗಳಲು ಎದ್ದು ನಿಂತಿರುತ್ತಾರೆ. ಹತ್ತೊಂಬತ್ತು ಫೋನುಗಳು ಒಟ್ಟಿಗೆ ಟಿಂಗ್ ಎನ್ನುತ್ತವೆ. ತಪ್ಪು ನನ್ನದೇ ಎಂದು ತಾವಾಗಿ ಫೋನ್ ಮಾಡಿ ಹೇಳಿದವರು ಅವರು. ಎಷ್ಟು ಜನ ಹಾಗೆ ಹೇಳುತ್ತಾರೆ? ಈ ಕೆಲಸ ಬಿಟ್ಟರೆ ತನಗೆ ಬೇರೇನೂ ಬರುವುದಿಲ್ಲ ಎಂಬುದಿರಲಿ, ಬೇರೇನೂ ತನಗೆ ಇಷ್ಟವೇ ಇಲ್ಲವೆಂಬುದು ಅವನಿಗೆ ಆಗ ತಿಳಿಯಿತು.

"ನಂಗೆ ಆ ಕೆಲಸ ಬೇಕು ಕಣೆ," ಎಂದ, ಮೆಲ್ಲಗೆ.

ಹೆಂಡತಿ ಅವನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಮಾನಿಟರಿನ ಹಿಂದೆ ಬಗ್ಗಿ, ಕರೆಂಟಿನ ತಂತಿ ಯಾವುದೆಂದು ಕೈಯಿಂದ ಹಿಡಿದು ಹಿಂಬಾಲಿಸಿಕೊಂಡು ಗೋಡೆಯವರೆಗೆ ಹೋಗಿ, ಅದೊಂದನ್ನೇ ಕಿತ್ತಳು. ಕಿತ್ತಳೆ ದೀಪ ಆರಿತು.

"ಈಗ ಮೂವತ್ತು ಎಣಿಸೋಣ," ಎಂದಳು. "ಏನನ್ನೂ ಮುಟ್ಟಬೇಡಿ. ಒಳಗೆ ಉಳಿದಿರೋ ಕರೆಂಟೆಲ್ಲ ಇಳಿದು ಹೋಗಲಿ."

ಇರುವುದು ಎಂಟು ನಿಮಿಷ, ಅದರಲ್ಲಿ ಅರ್ಧ ನಿಮಿಷ ಸುಮ್ಮನೆ ಕೂರುವುದೇ ಎಂದು ಕೊಂಬಣ್ಣ ಏಳಲು ಹೋದ. ಅವಳು ಭುಜದ ಮೇಲೆ ಕೈಯಿಟ್ಟು ಕೂರಿಸಿದಳು. ಮೊದಲ ದಿನ ಸ್ಟಿಯರಿಂಗ್ ಹಿಡಿದವರನ್ನು ಕೂರಿಸುವ ಕೈ ಅದು. ಅದರ ಕೆಳಗೆ ಯಾರೂ ಎದ್ದದ್ದಿಲ್ಲ. ಇಬ್ಬರೂ ಎಣಿಸಿದರು. ಹನ್ನೆರಡು ಮುಗಿದ ಕೂಡಲೇ ಅವನು ಹದಿನೈದಕ್ಕೆ ಹಾರಿದ. ಅವಳು ಹದಿಮೂರಕ್ಕೆ ವಾಪಸು ಕರೆತಂದಳು. ಇಪ್ಪತ್ತೊಂಬತ್ತು. ಮೂವತ್ತು. ಪ್ಲಗ್ ಚುಚ್ಚಿದಳು.

ಏನೂ ಆಗಲಿಲ್ಲ. ಕೊಂಬಣ್ಣ ಕಣ್ಣು ಮುಚ್ಚಿದ. ತೆರೆದಾಗ ಕಪ್ಪು ಪರದೆ ಬೂದುಬಣ್ಣಕ್ಕೆ ತಿರುಗಿತ್ತು, ಬೂದು ಬಿಳಿಯಾಗುತ್ತಿತ್ತು, ಬಿಳಿಯ ನಡುವೆ ಅವನ ಮೂರು ಪುಟಗಳು ಬೆಳಗಿನ ಸ್ನಾನ ಮಾಡಿ ಬಂದವರಂತೆ ಲಕಲಕ ಹೊಳೆಯುತ್ತಿದ್ದವು.

ರದ್ದು ಮಾಡು ಎಂಬಲ್ಲಿ ಒತ್ತಿದ. ಇಂಟರ್ನೆಟ್ ಇಲ್ಲ ಎಂದಿತು.

ತಾನೇ ಕಿತ್ತ ತಂತಿ! ಕೊಂಬಣ್ಣ ಈ ಸಲ ಮೇಜಿನ ಕೆಳಗೆ ತೆವಳಲಿಲ್ಲ, ಜಾರಿದ. ಒದ್ದೆ ಪ್ಯಾಂಟು ಸಹಾಯ ಮಾಡಿತು. ತಂತಿ ಸಿಕ್ಕಿಸಿದ. ಗೋಡೆಯ ಡಬ್ಬಿಯಲ್ಲಿ ಮೊದಲ ದೀಪ ಬಂತು. ಹತ್ತೂ ಐವತ್ತೈದು. ಎರಡನೆಯ ದೀಪ ಬಂದು ಹೋಯಿತು, ಮತ್ತೆ ಬಂತು. ಹತ್ತೂ ಐವತ್ತೇಳು. ಮೂರನೆಯದು ಕಣ್ಣು ಮಿಟುಕಿಸುತ್ತ ಯೋಚಿಸುತ್ತಲೇ ಇತ್ತು. ಹತ್ತೂ ಐವತ್ತೊಂಬತ್ತಕ್ಕೆ ಒಂದು ತೀರ್ಮಾನಕ್ಕೆ ಬಂದು ಹಸಿರಾಯಿತು. ಕೊಂಬಣ್ಣ ಒತ್ತಿದ. ಇಪ್ಪತ್ತೆರಡು ವರ್ಷದಲ್ಲಿ ಯಾವ ಅಕ್ಷರಕ್ಕೂ ಕೊಡದಷ್ಟು ಒತ್ತು ಕೊಟ್ಟು ಒತ್ತಿದ.

'ಕಳುಹಿಸುವುದನ್ನು ರದ್ದು ಮಾಡಲಾಗಿದೆ.'

ಅಷ್ಟು ಸುಂದರವಾದ ವಾಕ್ಯವನ್ನು ಅವನು ಎಲ್ಲೂ ಓದಿರಲಿಲ್ಲ. ಅದರಲ್ಲಿ ತಿದ್ದಲು ಏನೂ ಇರಲಿಲ್ಲ. ನೆಲದ ಮೇಲೆ ಹಾಗೇ ಅಂಗಾತ ಮಲಗಿ ಬಿಟ್ಟ ಉಸಿರು ಎಷ್ಟು ಉದ್ದವಿತ್ತೆಂದರೆ ಮೇಜಿನ ಮೇಲಿನ ಕಾಗದವೊಂದು ಅಲ್ಲಾಡಿತು. ಹನ್ನೊಂದು ಹೊಡೆಯಿತು. ಯಾವ ಬಾಂಬೂ ಬೀಳಲಿಲ್ಲ. ಹನ್ನೊಂದೂ ಹತ್ತಕ್ಕೆ ಕಚೇರಿಯಿಂದ ಬಂದ ಸಂದೇಶದಲ್ಲಿ, ಮೀಟಿಂಗಿನಲ್ಲಿ ನಿಮಗೆ ಚಪ್ಪಾಳೆ ಬಿತ್ತು, ಲೇಖಕರು ನೀರು ಕುಡಿದರು ಎಂದಿತ್ತು.

ಹೆಂಡತಿ ಎರಡು ಲೋಟ ಕಾಫಿ ತಂದಳು. ಕೊಂಬಣ್ಣ ಕುರ್ಚಿಯಲ್ಲಿ ಒರಗಿ, ಈಗ ಯಾರಿಗೂ ಕೆಡುಕು ಮಾಡಲಾರದ ತನ್ನ ಪತ್ರವನ್ನು ನೆಮ್ಮದಿಯಿಂದ ನೋಡಿದ. ಏನೇ ಹೇಳು, ಬರವಣಿಗೆ ಮಾತ್ರ ಗಟ್ಟಿಯಾಗಿತ್ತು, ಎಲ್ಲೂ ಒಂದು ಅಕ್ಷರ ಕದಲುವ ಹಾಗಿಲ್ಲ ಎಂದ.

ಅವಳು ಲೋಟವನ್ನು ಮೇಜಿನ ಮೇಲಿಟ್ಟು, ಪರದೆಯ ಮೇಲಿನ ಸಾಲಿಗೆ ಬೆರಳು ತೋರಿಸಿದಳು. ಕೊಂಬಣ್ಣ ಓದಿದ. ಕನ್ನಡಕ ತೆಗೆದು ಅಂಗಿಗೆ ಒರೆಸಿ, ಹಾಕಿಕೊಂಡು ಮತ್ತೆ ಓದಿದ. 'ವಿಷಯ: ನನ್ನ ರಾಜಿನಾಮೆ.' ಎರಡನೆಯ ಪ್ಯಾರಾದಲ್ಲೂ ರಾಜಿನಾಮೆ. ಮೂರೂ ಪುಟದಲ್ಲಿ ಹನ್ನೊಂದು ಕಡೆ ರಾಜಿನಾಮೆ. ಒಂದೇ ಒಂದು ಕಡೆಯೂ ದೀರ್ಘವಿಲ್ಲ.

"ನಿನ್ನೆ ಮೇಜು ಒರೆಸುವಾಗಲೇ ನೋಡಿದೆ," ಎಂದಳು ಹೆಂಡತಿ. "ಹೇಳೋಣ ಅಂತಿದ್ದೆ. ಆಮೇಲೆ, ಹೇಗಿದ್ರೂ ನಿಮಗೆ ಬೇಕಾಗಿರೋದು ರಾಜಿನೇ ತಾನೇ, ಸರಿಯಾಗೇ ಬರೆದಿದ್ದೀರಿ ಅಂತ ಸುಮ್ನಾದೆ."